200 ಮೀಟರ್ ವಾಚಿಗೆ ಬಚ್ಚಲಮನೆಯಲ್ಲಿ ನೀರು ಹೊಕ್ಕಿದ್ದು ಹೇಗೆ?

ಈ ಸಲ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಡೈವ್ ವಾಚುಗಳದ್ದೇ, ಅಂದರೆ ನೀರಿನಾಳಕ್ಕೆ ಇಳಿಯುವವರಿಗಾಗಿ ಮಾಡಿದ ವಾಚುಗಳದ್ದೇ. ಹುಬ್ಬಳ್ಳಿಯವರು ಸಮುದ್ರ ನೋಡಬೇಕೆಂದರೆ ಅರಬೈಲ್ ಘಟ್ಟ ಇಳಿಯಬೇಕು, ಗದಗಿನವರಿಗೆ ಇನ್ನೂ ದೂರ, ಆದರೂ ಎಲ್ಲರಿಗೂ 200 ಮೀಟರ್ ಆಳದ ನೀರಿನ ಒತ್ತಡ ತಡೆಯುವ ವಾಚೇ ಬೇಕು. ಇರಲಿ, ನನಗೂ ಅವು ಇಷ್ಟವೇ. ಗಟ್ಟಿಯಾಗಿರುತ್ತವೆ, ಕತ್ತಲಲ್ಲೂ ಮುಳ್ಳು ಕಾಣುತ್ತವೆ. ಆದರೆ ಅದೇ ನಾಲ್ಕು ಪ್ರಶ್ನೆ ಮತ್ತೆ ಮತ್ತೆ ಬಂದರೆ ಯಾರಿಗಾದರೂ ತಲೆ ಕೆಡುತ್ತದೆ ಅಲ್ವಾ? ಟೈಮ್ ಇಡುವುದು ಹೇಗೆ, ಚೈನ್ ಚಿಕ್ಕದು ಮಾಡುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ. ಡಬ್ಬಿಯಲ್ಲಿ ಪುಸ್ತಕ ಕೊಟ್ಟಿರುತ್ತಾರೆ, ಓದಿ.

ಗದಗಿನ ಓದುಗರೊಬ್ಬರು: ಹೋದ ವರ್ಷ 200 ಮೀಟರ್ ಎಂದು ಬರೆದ ಆಟೋಮ್ಯಾಟಿಕ್ ವಾಚ್ ತಗೊಂಡೆ. ಮುರ್ಡೇಶ್ವರದಲ್ಲಿ ಸಮುದ್ರಕ್ಕಿಳಿದಾಗ ಏನೂ ಆಗಲಿಲ್ಲ. ಊರಿಗೆ ಬಂದು ಒಂದು ವಾರದ ಮೇಲೆ ಗೀಸರ್ ನೀರಲ್ಲಿ ಸ್ನಾನ ಮಾಡಿದೆ, ಗ್ಲಾಸಿನ ಒಳಗೆ ಮಂಜು ಕಟ್ಟಿತು. ನೀರಲ್ಲಿ ಕೈ ಬೀಸಿದರೆ ಒತ್ತಡ ಹತ್ತು ಪಟ್ಟಾಗುತ್ತದೆ, 200 ಅಂದರೆ ಲೆಕ್ಕಕ್ಕೆ 20 ಅಷ್ಟೇ ಅಂತ ಗೆಳೆಯ ಹೇಳಿದ. ಅಕ್ಕಿ ಡಬ್ಬಿಯಲ್ಲಿ ಇಡಲು ಅಂಗಡಿಯವರು ಹೇಳಿದರು. ಇಟ್ಟೆ, ಮಂಜು ಹೋಯಿತು. ಈಗ ಹಾಕ್ಕೋಬಹುದೇನ್ರಿ ಸರ್?

ಬೇಡ. ಇವತ್ತೇ ಹಿಂದಿನ ಮುಚ್ಚಳ ತೆಗೆಸಿ. ಮಂಜು ಕಾಣದಿದ್ದರೆ ನೀರು ಹೋಯಿತು ಅಂತಲ್ಲ. ಅದು ಆವಿಯಾಗಿ ಒಳಗೇ ಇದೆ, ತಣ್ಣಗಾದಾಗ ಮತ್ತೆ ಗ್ಲಾಸಿಗೆ ಬಂದು ಕೂರುತ್ತದೆ. ಅಷ್ಟರಲ್ಲಿ ಸ್ಕ್ರೂಗಳಿಗೆ ತುಕ್ಕು, ಟೈಮ್ ಇಡಲು ತಿರುಗಿಸುವ ಕೀ ಜೋಡಿಸಿರುವ ಕಡ್ಡಿಗೆ ತುಕ್ಕು, ಮುಳ್ಳುಗಳ ಮೇಲೆ ಕಲೆ. ಮುಚ್ಚಿದ ವಾಚಿನೊಳಗಿನ ನೀರನ್ನು ಹೊರಗಿರುವ ಅಕ್ಕಿ ಹೇಗೆ ಹೀರಬೇಕು? ಈ ಅಕ್ಕಿ ಡಬ್ಬಿ ವೈದ್ಯವನ್ನು ಯಾರು ಶುರು ಮಾಡಿದರೋ, ಅವರಿಂದ ಹಾಳಾದ ಮಷಿನ್‌ಗಳಿಗೆ ಲೆಕ್ಕವಿಲ್ಲ. ಬಿಸಿಲಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು, ಇವೂ ಅದೇ ಜಾತಿಯವು.

ಈಗ ನಿಮ್ಮ ಗೆಳೆಯರ ಲೆಕ್ಕ. ಕೈ ಬೀಸಿದರೆ ಒತ್ತಡ ಹೆಚ್ಚುವುದು ನಿಜ, ಎಷ್ಟು ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ನೀರಲ್ಲಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕೈ ಬೀಸಿದಿರಿ ಅಂತಿಟ್ಟುಕೊಳ್ಳಿ, ಅದೇ ಬಹಳ ಜೋರು. ಆಗ ಹೆಚ್ಚಾಗುವ ಒತ್ತಡ ಸುಮಾರು 0.125 ಬಾರ್, ಅಂದರೆ ಸುಮಾರು ಒಂದೂಕಾಲು ಮೀಟರ್ ನೀರಿನ ಒತ್ತಡ. 200 ಮೀಟರ್ ವಾಚ್ ತಡೆಯಬೇಕಾದದ್ದು 20 ಬಾರ್. ಹತ್ತು ಪಟ್ಟು ಎನ್ನುವುದು ಸುಮ್ನೆ ಒಬ್ಬರಿಂದೊಬ್ಬರಿಗೆ ದಾಟಿ ಬಂದ ಮಾತು. ಸಮುದ್ರದಲ್ಲಿ ನಿಮ್ಮ ವಾಚಿಗೆ ಏನೂ ಆಗದಿರುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಬಚ್ಚಲಲ್ಲಿ ಯಾಕೆ ಆಯಿತು? ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ ಕೇಳುತ್ತೇನೆ. ಮುರ್ಡೇಶ್ವರದಿಂದ ಬಂದ ಮೇಲೆ ವಾಚ್ ತೆಗೆದಿಟ್ಟಿದ್ದಿರಾ? ಎರಡು ದಿನ ಬಿಟ್ಟು ನೋಡಿದಾಗ ನಿಂತಿತ್ತಾ? ಅವಸರದಲ್ಲಿ ಕೀ ಎಳೆದು ಟೈಮ್ ಇಟ್ಟು ಹಾಗೇ ಒತ್ತಿಬಿಟ್ಟಿರಾ? ನನ್ನ ಬಳಿ ನೀರು ಕುಡಿದು ಬರುವ ಡೈವ್ ವಾಚುಗಳಲ್ಲಿ ಹೆಚ್ಚಿನವುಗಳ ಕತೆ ಇದೇ. ಆಟೋಮ್ಯಾಟಿಕ್ ಮಷಿನ್‌ಗಳು ಕೈ ಆಡಿದಾಗ ಚಾವಿ ಪಡೆಯುತ್ತವೆ, ಸಾಮಾನ್ಯ ಬೆಲೆಯವು ಪೂರ್ತಿ ಚಾವಿಯಾದರೆ ಸುಮಾರು 40 ಗಂಟೆ ನಡೆಯುತ್ತವೆ. ಶುಕ್ರವಾರ ಸಂಜೆ ತೆಗೆದಿಟ್ಟರೆ ಸೋಮವಾರ ಬೆಳಿಗ್ಗೆ ನಿಂತಿರುತ್ತದೆ. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಕೀ ಬಿಚ್ಚುತ್ತೀರಿ, ಟೈಮ್ ಇಡುತ್ತೀರಿ, ತಿರುಗಿಸಿ ಬಿಗಿ ಮಾಡುವುದನ್ನು ಮರೆಯುತ್ತೀರಿ. ಆಗ ಡಯಲ್ ಮೇಲಿನ 200ಕ್ಕೆ ಅರ್ಥವಿಲ್ಲ. ಬಿಗಿ ಮಾಡುವವರಲ್ಲೂ ಕೆಲವರು ಕೀಯನ್ನು ಓರೆಯಾಗಿ ಹಾಕಿ ಬಲವಂತ ಮಾಡುತ್ತಾರೆ, ಮರೆ (ತಿರುಪಿನ ಗೆರೆ) ಸವೆಯುತ್ತದೆ. ಮೊದಲು ಮೆತ್ತಗೆ ಒತ್ತಿ ಹಿಂದಕ್ಕೆ ತಿರುಗಿಸಿ, ಮರೆ ಕೂತದ್ದು ಬೆರಳಿಗೆ ಗೊತ್ತಾಗುತ್ತದೆ, ಆಮೇಲೆ ಮುಂದಕ್ಕೆ ತಿರುಗಿಸಿ. ಬೆರಳಿನ ಬಲ ಸಾಕು. ಇಕ್ಕಳ ಹಿಡಿದು ಬಿಗಿ ಮಾಡಿದವರೂ ಇದ್ದಾರೆ, ಅವರಿಗೆ ನಾನು ಏನು ಹೇಳಲಿ.

ಇನ್ನು ಗೀಸರ್. ಡೈವ್ ವಾಚುಗಳಿಗೆ ಐಎಸ್ಒ 6425 ಎಂಬ ಮಾನದಂಡ ಇದೆ. ಅದರಲ್ಲಿ ವಾಚನ್ನು 40 ಡಿಗ್ರಿ ನೀರಿನಿಂದ 5 ಡಿಗ್ರಿ ನೀರಿಗೆ, ಮತ್ತೆ 40ಕ್ಕೆ ಹಾಕಿ ನೋಡುವ ಪರೀಕ್ಷೆಯೂ ಸೇರಿದೆ. ಆದರೆ ನಮ್ಮ ಮನೆಗಳ ಗೀಸರ್ ನೀರು 40ಕ್ಕೆ ನಿಲ್ಲುವುದಿಲ್ಲ. ಬಿಸಿಗೆ ಉಕ್ಕು, ಗಾಜು, ರಬ್ಬರ್ ಒಂದೊಂದೂ ಒಂದೊಂದು ರೀತಿ ಹಿಗ್ಗುತ್ತವೆ. ಮೇಲಿಂದ ಸೋಪು, ಶಾಂಪೂ. ಹೊರಬಂದು ವಾಚ್ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಎಲ್ಲಿ ಸಂದಿ ಇದೆಯೋ ಅಲ್ಲಿಂದ ಹಸಿ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸಂದಿಗಳಲ್ಲಿ ನೀರು ತಡೆಯುವ ರಬ್ಬರ್ ರಿಂಗ್ ಹೊಸದಿದ್ದು ಕೀ ಬಿಗಿ ಇದ್ದರೆ ಒಂದು ಸಲಕ್ಕೆ ಏನೂ ಆಗದಿರಬಹುದು. ದಿನಾ ಹೀಗೆ ಮಾಡಿದರೆ ರಬ್ಬರ್ ಬೇಗ ಸಾಯುತ್ತದೆ. ಸ್ನಾನಕ್ಕೆ ಟೈಮ್ ನೋಡಿ ಏನು ಮಾಡ್ತೀರಿ? ತೆಗೆದಿಡಿ.

ಇದೇ ಮಾನದಂಡದಲ್ಲಿ ಇನ್ನೊಂದು ಮಾತಿದೆ. ಪ್ರತಿಯೊಂದು ವಾಚನ್ನೂ ಬರೆದ ಆಳಕ್ಕಿಂತ ಶೇ. 25ರಷ್ಟು ಜಾಸ್ತಿ ಒತ್ತಡದಲ್ಲಿ ಪರೀಕ್ಷಿಸಬೇಕು. ಅಂಥ ವಾಚಿನ ಡಯಲ್ ಮೇಲೆ ‘ಡೈವರ್ಸ್ 200 ಎಂ’ ಎಂದು ಇಂಗ್ಲಿಷಿನಲ್ಲಿ ಇರುತ್ತದೆ. ಬರೀ ‘ವಾಟರ್ ರೆಸಿಸ್ಟೆಂಟ್’ ಎಂದಿದ್ದರೆ ಅದು ಬೇರೆ ಮಾನದಂಡ, ಅಲ್ಲಿ ಒಂದೊಂದನ್ನೂ ಪರೀಕ್ಷಿಸುವ ಕಡ್ಡಾಯವಿಲ್ಲ. ಆದರೆ ಯಾವುದೇ ಇರಲಿ, ಅದು ಫ್ಯಾಕ್ಟರಿಯಿಂದ ಹೊರಟ ದಿನದ ಮಾತು. ರಬ್ಬರಿಗೆ ವಯಸ್ಸಾಗುತ್ತದೆ. ನೀರಿಗೆ ಇಳಿಯುವವರು ವರ್ಷಕ್ಕೊಮ್ಮೆ ಪ್ರೆಶರ್ ಟೆಸ್ಟ್ ಮಾಡಿಸಿ, ಹಿಂದಿನ ಮುಚ್ಚಳ ತೆಗೆದಾಗಲೆಲ್ಲ ರಿಂಗ್ ನೋಡಿಸಿ, ಸಿಲಿಕೋನ್ ಗ್ರೀಸ್ ಹಚ್ಚಿಸಿ. ಟೆಸ್ಟ್ ಮಷಿನ್ ಇಲ್ಲದವರು ‘ನೀರು ಹೋಗಲ್ಲ, ಗ್ಯಾರಂಟಿ’ ಅಂದರೆ ನಂಬಬೇಡಿ. ಗ್ಲಾಸಿನ ಸುತ್ತ ಸೂಪರ್ ಗ್ಲೂ ಹಾಕುವವರಂತೂ ಬೇಡವೇ ಬೇಡ, ಅದರ ಹೊಗೆ ಗ್ಲಾಸಿನ ಒಳಗೂ ಡಯಲ್ ಮೇಲೂ ಬೆಳ್ಳಗೆ ಕೂರುತ್ತದೆ.

ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ವಾಚನ್ನು ಕೈಗೆ ಬೆಚ್ಚಗೆ ಹತ್ತುವಷ್ಟು ಮಾತ್ರ ಬಿಸಿ ಮಾಡಿ, ಗ್ಲಾಸಿನ ಮೇಲೆ ಒಂದು ಹನಿ ತಣ್ಣೀರು ಬಿಡಿ, ಒಂದು ನಿಮಿಷ ಬಿಟ್ಟು ಒರೆಸಿ. ಹನಿ ಇದ್ದ ಜಾಗದಲ್ಲಿ ಒಳಗಡೆ ಮಬ್ಬು ಕಂಡರೆ ತೇವ ಇದೆ. ನಿಮ್ಮದರಲ್ಲಿ ಕಾಣುತ್ತದೆ ಅಂತ ನನ್ನ ಅಂದಾಜು.

ಹಾವೇರಿಯಿಂದ: 25 ಸಾವಿರದೊಳಗೆ ಯಾವ ಆಟೋಮ್ಯಾಟಿಕ್ ಡೈವ್ ವಾಚ್ ತಗೊಳ್ಳಲಿ? ನೇತ್ರಾಣಿಗೆ ಸ್ಕೂಬಾಕ್ಕೆ ಹೋಗುವ ಯೋಚನೆ ಇದೆ.

ನೀರಿಗೆ ಇಳಿಯುವುದು ಖಚಿತವಾಗಿದ್ದರೆ ಸಿಟಿಜನ್ ಪ್ರೊಮಾಸ್ಟರ್ ಎನ್‌ವೈ0040 ಸಾಲಿನವು ಅಥವಾ ಓರಿಯಂಟ್ ಕಮಾಸು ನೋಡಿ. ಎರಡೂ 200 ಮೀಟರ್, ಎರಡಕ್ಕೂ ಕೀ ತಿರುಗಿಸಿ ಬಿಗಿ ಮಾಡುವಂಥದ್ದು. ಸಿಟಿಜನ್‌ನಲ್ಲಿ ಕೀ 8ರ ಹತ್ತಿರ ಇರುವುದರಿಂದ ಮಣಿಕಟ್ಟಿಗೆ ಚುಚ್ಚುವುದಿಲ್ಲ. ಕಮಾಸುಗೆ ಸಫೈರ್ ಗ್ಲಾಸ್ ಇದೆ, ಗೀರು ಬೀಳುವುದು ಕಷ್ಟ. ಸೀಕೋ ಎಸ್‌ಕೆಎಕ್ಸ್007 ಬೇಕು ಅಂತ ಹುಡುಕುವವರಿಗೆ ಹೇಳುತ್ತೇನೆ, ಅದು 2019ರ ಸುಮಾರಿಗೆ ನಿಂತುಹೋಯಿತು. ಅದೇ ವರ್ಷ ಬಂದ ಹೊಸ ಸೀಕೋ 5 ಸ್ಪೋರ್ಟ್ಸ್ ನೋಡಲು ಹಾಗೇ ಇದೆ, ಬೆಜಲ್ (ನೀರಿಗಿಳಿದು ಎಷ್ಟು ಹೊತ್ತಾಯಿತು ಅಂತ ನೋಡಲು ಗ್ಲಾಸಿನ ಸುತ್ತ ಇರುವ ಬಳೆ) ಕೂಡ ತಿರುಗುತ್ತದೆ, ಆದರೆ 100 ಮೀಟರ್ ಮಾತ್ರ ಮತ್ತು ಕೀ ಬಿಗಿ ಮಾಡುವಂಥದ್ದಲ್ಲ. ಮಳೆಗೆ, ಕೈ ತೊಳೆಯಲು, ಉಣಕಲ್ ಕೆರೆ ದಂಡೆಯಲ್ಲಿ ತಿರುಗಾಡಲು ಒಳ್ಳೆಯ ವಾಚ್. ಸ್ಕೂಬಾಕ್ಕೆ ನಾನು ಹೇಳುವುದಿಲ್ಲ.

ಇನ್ನೊಂದು, ಇದನ್ನು ಕೇಳಿ ಕೆಲವರಿಗೆ ಬೇಜಾರಾಗುತ್ತದೆ. ನಾಲ್ಕೈದು ವಾಚ್ ಇಟ್ಟುಕೊಂಡು ಇದನ್ನು ತಿಂಗಳಿಗೊಮ್ಮೆ ಹಾಕುವವರಾದರೆ ಆಟೋಮ್ಯಾಟಿಕ್ ಬಿಟ್ಟು ಬಿಸಿಲಲ್ಲಿ ಚಾರ್ಜ್ ಆಗುವ ಡೈವ್ ವಾಚ್ ತಗೊಳ್ಳಿ. ಕೀ ಮುಟ್ಟುವ ಕೆಲಸವೇ ಕಡಿಮೆ. ದಿನಾ ಕೈಯಲ್ಲಿ ಇರುತ್ತದೆ ಅನ್ನುವವರಿಗೆ ಮಾತ್ರ ಆಟೋಮ್ಯಾಟಿಕ್.

ಧಾರವಾಡದಿಂದ: ದಿನಕ್ಕೆ 15 ಸೆಕೆಂಡ್ ಮುಂದೆ ಹೋಗುತ್ತದೆ, ಡಿಫೆಕ್ಟ್ ಪೀಸಾ?

ಅಲ್ಲ. ಉದಾಹರಣೆಗೆ, ಸೀಕೋದ 4ಆರ್36 ಎಂಬ ಮಷಿನ್‌ಗೆ ಕಂಪನಿಯೇ ಹೇಳಿರುವ ಮಿತಿ ದಿನಕ್ಕೆ 45 ಸೆಕೆಂಡ್ ಮುಂದೆ, 35 ಸೆಕೆಂಡ್ ಹಿಂದೆ. ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಮಾತ್ರ ಅನುಮಾನಪಡಿ. ಬಹುಶಃ ಸ್ಪೀಕರ್ ಮೇಲೋ, ಮ್ಯಾಗ್ನೆಟ್ ಇರುವ ಟ್ಯಾಬ್ ಕವರ್ ಮೇಲೋ ಇಟ್ಟಿದ್ದೀರಿ. ಮ್ಯಾಗ್ನೆಟ್ ತೆಗೆಯುವುದು ಐದು ನಿಮಿಷದ ಕೆಲಸ. ಅದಕ್ಕೆ ಪೂರ್ತಿ ಸರ್ವಿಸ್ ಬಿಲ್ ಹಾಕಿದರೆ ಎದ್ದು ಬನ್ನಿ.

ಹುಬ್ಬಳ್ಳಿಯಿಂದ: ಆನ್‌ಲೈನ್‌ನಲ್ಲಿ ಹಳೇ ಸೀಕೋ 5 ಮೂರು ಸಾವಿರಕ್ಕೆ, ಡಯಲ್ ಹೊಚ್ಚ ಹೊಸದರಂತೆ ಕೆಂಪಗಿದೆ. ತಗೊಳ್ಳಲಾ?

ಡಯಲ್‌ಗೆ ಹೊಸದಾಗಿ ಬಣ್ಣ ಬಳಿದು, ನಾಲ್ಕು ವಾಚಿನ ಸಾಮಾನು ಸೇರಿಸಿ ಒಂದು ಮಾಡಿರುತ್ತಾರೆ. ವಾಚ್ ಹುಚ್ಚಿನವರು ಇದನ್ನು ಮುಂಬೈ ಸ್ಪೆಷಲ್ ಅಂತಾರೆ. ತಗೊಂಡರೆ ನೀರಿನ ಹತ್ತಿರವೂ ತರಬೇಡಿ, ನನ್ನ ಹತ್ತಿರವೂ ತರಬೇಡಿ.

ರೋಣದಿಂದ: ಆಟೋಮ್ಯಾಟಿಕ್ ವಾಚ್ ನಾಡಿ ಬಡಿತದಿಂದ ನಡೆಯುತ್ತದಂತೆ, ಬಿಪಿ ಇದ್ದವರು ಹಾಕಬಾರದಾ?

ಒಳಗೊಂದು ಅರ್ಧ ತಟ್ಟೆ ಇದೆ, ಕೈ ಆಡಿದಾಗ ಅದು ತಿರುಗಿ ಚಾವಿ ಕೊಡುತ್ತದೆ. ಬಿಪಿಗೆ ಡಾಕ್ಟರ ಹತ್ತಿರ ಹೋಗಿ.

ರಾಣೇಬೆನ್ನೂರಿನಿಂದ: ಬೆಜಲ್ ಒಂದೇ ಕಡೆ ತಿರುಗುತ್ತದೆ, ರಿಪೇರಿ ಮಾಡಿಸಬೇಕಾ?

ಬೇಡ, ಅದು ಇರುವುದೇ ಹಾಗೆ. ನೀರೊಳಗೆ ಯಾವುದಕ್ಕಾದರೂ ತಾಗಿ ತಿರುಗಿದರೂ ಕಳೆದ ಸಮಯ ಜಾಸ್ತಿ ತೋರಿಸಬೇಕು, ಕಡಿಮೆ ತೋರಿಸಬಾರದು. ಹೊತ್ತಿಗೆ ಮುಂಚೆ ಮೇಲೆ ಬಂದರೆ ನಷ್ಟವಿಲ್ಲ.

ಮತ್ತೆ ಧಾರವಾಡದಿಂದ: ವಾಚ್ ತಿರುಗಿಸಿಡುವ ವೈಂಡರ್ ಡಬ್ಬಿ ತಗೊಳ್ಳಲಾ?

ಬೇಡ.

ನವಲಗುಂದದಿಂದ: ರಾತ್ರಿ ಹನ್ನೊಂದಕ್ಕೆ ತಾರೀಖು ಬದಲಿಸಿದೆ, ಈಗ ಮಧ್ಯಾಹ್ನ ಬದಲಾಗುತ್ತಿದೆ.

ನೀವು ಬೆಳಿಗ್ಗೆ ಹನ್ನೊಂದು ಅಂತ ಇಟ್ಟಿದ್ದೀರಿ, ಹನ್ನೆರಡು ಗಂಟೆ ಮುಂದಕ್ಕೆ ತಿರುಗಿಸಿ. ಆದರೆ ಮುಳ್ಳುಗಳು ರಾತ್ರಿ 9ರಿಂದ 3ರ ನಡುವೆ ಇರುವಾಗ ತಾರೀಖು ಬದಲಿಸಲು ಹೋಗಬೇಡಿ, ಒಳಗಿನ ಚಕ್ರದ ಹಲ್ಲು ಮುರಿಯಬಹುದು. ಇದನ್ನು ಎಷ್ಟು ಸಲ ಬರೆದರೂ ಅಷ್ಟೇ.

ಹುಬ್ಬಳ್ಳಿಯ ಇನ್ನೊಬ್ಬರು: ರಂಗಪಂಚಮಿಗೆ ಹಾಕಿಕೊಂಡು ಹೋಗಿದ್ದೆ, ಬೆಜಲ್ ಸಂದಿಯಲ್ಲಿ ಬಣ್ಣ ಸೇರಿ ತಿರುಗುತ್ತಲೇ ಇಲ್ಲ.

ಕೀ ಬಿಗಿ ಇದೆಯಾ ನೋಡಿ. ಆಮೇಲೆ ತಣ್ಣನೆಯ ಸಿಹಿನೀರಲ್ಲಿ ಅರ್ಧ ಗಂಟೆ ಇಟ್ಟು, ಮೆತ್ತನೆಯ ಹಳೇ ಟೂತ್‌ಬ್ರಷ್‌ನಿಂದ ಸಂದಿ ಉಜ್ಜುತ್ತಾ ಬೆಜಲನ್ನು ನಿಧಾನ ತಿರುಗಿಸಿ. ಸಮುದ್ರದಿಂದ ಬಂದ ಮೇಲೂ ಇದನ್ನೇ ಮಾಡಬೇಕು, ಉಪ್ಪು ಕೂತರೂ ಹೀಗೇ ಹಿಡಿಯುತ್ತದೆ. ಚಾಕು ಹಾಕಿ ಎಬ್ಬಲು ಹೋಗಬೇಡಿ. ಬಿಳಿ ನೈಲಾನ್ ಬೆಲ್ಟ್ ಆಗಿದ್ದರೆ ಅದರ ಆಸೆ ಬಿಟ್ಟುಬಿಡಿ, ಹೊಸದು ತಗೊಳ್ಳಿ.