ಅಡ್ಮಿನ್ ಪುಟ ತೆರೆಯದಿದ್ದರೆ, ಕಪ್ಪು ಪರದೆಗೆ ಹೋಗಿ: ಓದುಗರ ಪ್ರಶ್ನೋತ್ತರ

(ಕಪ್ಪು ಪರದೆ ಎಂದರೆ ಆಜ್ಞೆ ಟೈಪ್ ಮಾಡುವ ಕಮಾಂಡ್ ಲೈನ್. ಆಜ್ಞೆಗಳನ್ನು ಉಚ್ಚಾರಣೆಯಂತೆ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಸರ್ವಿಸ್ (ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ) ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ತಪ್ಪಿದರೆ ಸಿಸ್ಟಮ್ ಒಪ್ಪುವುದಿಲ್ಲ.)

ಪ್ರಶ್ನೆ: ನಮ್ಮ ಕಾರ್ಖಾನೆಯಲ್ಲಿ ಸಿಸ್ಕೊ ಕಾಲ್ ಮ್ಯಾನೇಜರ್ (ಕಚೇರಿ ಫೋನ್‌ಗಳನ್ನು ನಡೆಸುವ ಸರ್ವರ್ ವ್ಯವಸ್ಥೆ) ಇದೆ, ಒಂದು ಪಬ್ಲಿಷರ್ (ಮುಖ್ಯ ಸರ್ವರ್), ಎರಡು ಸಬ್‌ಸ್ಕ್ರೈಬರ್ (ಅದರ ಜೊತೆಯ ಸರ್ವರ್). ಬೆಳಿಗ್ಗೆಯಿಂದ ಪಬ್ಲಿಷರ್‌ನ ಅಡ್ಮಿನ್ ಪುಟ ತೆರೆಯುತ್ತಿಲ್ಲ, ಫೋನ್‌ಗಳು ಮಾತ್ರ ಸರಿಯಾಗಿವೆ. ಸರ್ವರ್ ರೀಸ್ಟಾರ್ಟ್ ಮಾಡಬಹುದೇ?
— ಓದುಗರು, ವಸಂತನರಸಾಪುರ, ತುಮಕೂರು

ಉತ್ತರ: ಬೇಡ, ಅಷ್ಟು ದೂರ ಹೋಗಬೇಕಿಲ್ಲ. ಕರೆಗಳು ನಡೆಯುತ್ತಿದ್ದು ಪುಟ ಮಾತ್ರ ಬರದಿದ್ದರೆ ಮೊದಲ ಅನುಮಾನ ಟಾಮ್‌ಕ್ಯಾಟ್ ಮೇಲೆ. ಪುಟವನ್ನು ಒದಗಿಸುವುದೇ ಅದಾದ್ದರಿಂದ ಪುಟದೊಳಗಿಂದ ಅದನ್ನು ರೀಸ್ಟಾರ್ಟ್ ಮಾಡಲು ಬರುವುದಿಲ್ಲ. ಪುಟ್ಟಿ ಎಂಬ ಸಾಫ್ಟ್‌ವೇರ್‌ನಲ್ಲಿ ಪಬ್ಲಿಷರ್ ಐಪಿಗೆ ಎಸ್‌ಎಸ್‌ಎಚ್ ಮಾಡಿ (ದೂರದಿಂದ ಕಮಾಂಡ್ ಲೈನ್ ತೆರೆಯುವ ವಿಧಾನ), ಪೋರ್ಟ್ 22. ಲಾಗಿನ್ ಇನ್‌ಸ್ಟಾಲ್ ಮಾಡುವಾಗ ಕೊಟ್ಟ ಓಎಸ್ ಅಡ್ಮಿನ್ ಹೆಸರಿನದು, ವೆಬ್ ಪುಟದ್ದಲ್ಲ; ಎಷ್ಟೋ ಜನ ಎಡವುವುದು ಇಲ್ಲೇ.

ಮೊದಲು 'ಶೋ ಸ್ಟೇಟಸ್' ಕೊಡಿ. ಅದರಲ್ಲಿ ಲಾಗಿಂಗ್ ಡಿಸ್ಕ್ ತುಂಬಿಕೊಂಡಿದ್ದರೆ ಹಳೆಯ ಲಾಗ್ ತೆಗೆಯುವವರೆಗೆ ಯಾವ ರೀಸ್ಟಾರ್ಟೂ ಬಹಳ ಹೊತ್ತು ನಿಲ್ಲದು. ಜಾಗ ಇದ್ದರೆ 'ಯುಟಿಲ್ಸ್ ಸರ್ವಿಸ್ ಲಿಸ್ಟ್', ಆಮೇಲೆ 'ಯುಟಿಲ್ಸ್ ಸರ್ವಿಸ್ ರೀಸ್ಟಾರ್ಟ್ ಸಿಸ್ಕೊ ಟಾಮ್‌ಕ್ಯಾಟ್'. ಪುಟ ಮರಳಲು ಐದು-ಹತ್ತು ನಿಮಿಷ ಬೇಕು. 'ಸ್ಟಾರ್ಟಿಂಗ್' ಎಂದು ತೋರಿಸುವಾಗಲೇ ಮತ್ತೆ ಮತ್ತೆ ಆಜ್ಞೆ ಕೊಡಬೇಡಿ. ನಡೆಯುತ್ತಿರುವ ಕರೆಗೆ ಇದರಿಂದ ಧಕ್ಕೆಯಿಲ್ಲ.

ಪಟ್ಟಿಯಲ್ಲಿ 'ಸ್ಟಾಪ್ಡ್' ಕಂಡೊಡನೆ ಗಾಬರಿ ಬೇಡ. ಪಕ್ಕದಲ್ಲಿ 'ಸರ್ವಿಸ್ ನಾಟ್ ಆ್ಯಕ್ಟಿವೇಟೆಡ್' ಎಂದಿದ್ದರೆ ಅದನ್ನು ಆ ಸರ್ವರ್‌ನಲ್ಲಿ ಯಾರೂ ಚಾಲೂ ಮಾಡಿಲ್ಲ ಎಂದಷ್ಟೇ ಅರ್ಥ, ಕೆಟ್ಟಿದೆ ಎಂದಲ್ಲ.

ಪ್ರಶ್ನೆ: ಒಂದು ಸಬ್‌ಸ್ಕ್ರೈಬರ್‌ನಲ್ಲಿ ಕಾಲ್‌ಮ್ಯಾನೇಜರ್ ಸರ್ವಿಸ್ ರೀಸ್ಟಾರ್ಟ್ ಮಾಡಬೇಕಿದೆ. ಮಾತಾಡುತ್ತಿರುವವರ ಕರೆ ಕಡಿಯುತ್ತದೆಯೇ?
— ಓದುಗರು, ನರಸಾಪುರ, ಕೋಲಾರ

ಉತ್ತರ: ಫೋನ್‌ನಿಂದ ಫೋನ್‌ಗೆ ಧ್ವನಿ ನೇರವಾಗಿ ಹೋಗುವುದರಿಂದ ಒಳಗಿನ ಮಾತು ಉಳಿಯುತ್ತದೆ, ಹೋಲ್ಡ್, ಟ್ರಾನ್ಸ್‌ಫರ್ ಮಾತ್ರ ಆ ಕರೆಯಲ್ಲಿ ನಡೆಯವು. ಗೇಟ್‌ವೇ (ಹೊರಗಿನ ಲೈನ್‌ಗೆ ಜೋಡಿಸುವ ಸಾಧನ) ದಾಟಿದ ಕರೆಗೆ ಖಾತರಿಯಿಲ್ಲ. ಕಾಲ್‌ಮ್ಯಾನೇಜರ್ ಗ್ರೂಪ್‌ನಲ್ಲಿ ಗರಿಷ್ಠ 3 ಸರ್ವರ್ ಇರಬಹುದು, ಮೊದಲನೆಯದು ನಿಂತರೆ ಫೋನ್‌ಗಳು ಎರಡನೆಯದಕ್ಕೆ ಹೋಗುತ್ತವೆ. ಆದ್ದರಿಂದ ಒಮ್ಮೆಗೆ ಒಂದೇ ಸರ್ವರ್ ಮುಟ್ಟಿ, ಶಿಫ್ಟ್ ಬದಲಾದ ಮೇಲೆ ಮುಟ್ಟಿ. 'ಶೋ ಆರ್‌ಐಎಸ್‌ಡಿಬಿ ಕ್ವೆರಿ ಫೋನ್' ಕೊಟ್ಟು ಫೋನ್‌ಗಳು ಮರಳಿ ಬಂದವೆಂದು ನೋಡಿಕೊಂಡೇ ಮುಂದಿನದಕ್ಕೆ ಹೋಗಿ.

ಪ್ರಶ್ನೆ: ಮುಖ್ಯ ಕಚೇರಿಯ ಪಬ್ಲಿಷರ್‌ನಲ್ಲಿ ಹೊಸ ಎಕ್ಸ್‌ಟೆನ್ಶನ್ ಸೇರಿಸಿದರೂ ನಮ್ಮ ಸಬ್‌ಸ್ಕ್ರೈಬರ್‌ಗೆ ಬರುತ್ತಿಲ್ಲ. ಸರ್ವಿಸ್‌ಗಳೆಲ್ಲ 'ಸ್ಟಾರ್ಟೆಡ್' ತೋರಿಸುತ್ತಿವೆ.
— ಓದುಗರು, ಗೌರಿಬಿದನೂರು, ಚಿಕ್ಕಬಳ್ಳಾಪುರ

ಉತ್ತರ: ಸರ್ವಿಸ್ ಪಟ್ಟಿ ಹಸಿರಾಗಿದ್ದರೂ ಸರ್ವರ್‌ಗಳ ನಡುವಿನ ಡೇಟಾಬೇಸ್ ನಕಲು (ರೆಪ್ಲಿಕೇಷನ್) ನಿಂತಿರಬಹುದು. ಅಡ್ಮಿನ್ ಬದಲಾವಣೆಗಳು ಪಬ್ಲಿಷರ್‌ನಲ್ಲಿ ಬರೆಯಲ್ಪಟ್ಟು ಉಳಿದವಕ್ಕೆ ಹರಿಯುತ್ತವೆ; ಕಾಲ್ ಫಾರ್ವರ್ಡ್‌ನಂಥ ಕೆಲವು ಸಂಗತಿ ಮಾತ್ರ ಸಬ್‌ಸ್ಕ್ರೈಬರ್‌ನಲ್ಲೂ ಬರೆಯಲಾಗುತ್ತವೆ. ಪಬ್ಲಿಷರ್‌ನಲ್ಲಿ 'ಯುಟಿಲ್ಸ್ ಡಿಬಿರೆಪ್ಲಿಕೇಷನ್ ರನ್‌ಟೈಮ್‌ಸ್ಟೇಟ್' ಕೊಡಿ. ಎಲ್ಲ ಸಾಲಿನಲ್ಲೂ 2 ಬಂದರೆ ಆರೋಗ್ಯ. 0 ಎಂದರೆ ಇನ್ನೂ ಶುರುವಾಗುತ್ತಿದೆ, 3 ಎಂದರೆ ಕೆಟ್ಟಿದೆ, 4 ಎಂದರೆ ಜೋಡಣೆಯೇ ಆಗಿಲ್ಲ.

ಕೆಟ್ಟ ಅಂಕಿ ಕಂಡೊಡನೆ ನಕಲಿನ ರೀಸೆಟ್‌ಗೆ ಕೈ ಹಾಕುವುದೇ ಎಲ್ಲರ ತಪ್ಪು. ಕಾರಣ ಹಾಗೇ ಇದ್ದರೆ ಅದು ಮತ್ತೆ ಕೆಡುತ್ತದೆ. ಕಾರಣ ಬಹುಪಾಲು ನೆಟ್‌ವರ್ಕ್‌ನಲ್ಲಿರುತ್ತದೆ. 'ಯುಟಿಲ್ಸ್ ಡಯಾಗ್ನೋಸ್ ಟೆಸ್ಟ್' ಕೊಟ್ಟು ಡಿಎನ್‌ಎಸ್ (ಹೆಸರು-ಐಪಿ ಜೋಡಿಸುವ ವ್ಯವಸ್ಥೆ) ಹೆಸರಿನಿಂದ ಐಪಿಗೆ, ಐಪಿಯಿಂದ ಹೆಸರಿಗೆ ಎರಡೂ ಕಡೆ ಹೊಂದುತ್ತದೆಯೇ ನೋಡಿ. 'ಯುಟಿಲ್ಸ್ ಎನ್‌ಟಿಪಿ ಸ್ಟೇಟಸ್' ಸರ್ವರ್ ಗಡಿಯಾರ ಸರಿಹೊಂದಿದೆಯೇ ಎಂದು ತೋರಿಸುತ್ತದೆ. ಸಬ್‌ಸ್ಕ್ರೈಬರ್ ಪಬ್ಲಿಷರ್‌ನಿಂದ ಸಮಯ ಪಡೆಯಬೇಕು. ಪಬ್ಲಿಷರ್‌ಗೆ ವಿಂಡೋಸ್‌ನ ಟೈಮ್ ಸರ್ವಿಸ್ ಕೊಟ್ಟಿದ್ದರೆ ಬದಲಿಸಿ. ಕೊನೆಗೆ 'ಯುಟಿಲ್ಸ್ ನೆಟ್‌ವರ್ಕ್ ಪಿಂಗ್'. ಹೋಗಿ ಬರುವ ಸಮಯ 80 ಮಿಲಿಸೆಕೆಂಡ್ ಮೀರಬಾರದು, ಅಗ್ಗದ ಲಿಂಕ್‌ನಲ್ಲಿ ಮೀರುವುದುಂಟು.

ಎಲ್ಲ ಸರಿಯಿದ್ದರೆ ಬ್ಯಾಕಪ್ ತೆಗೆದು, ಪ್ರತಿ ಸಬ್‌ಸ್ಕ್ರೈಬರ್‌ನಲ್ಲಿ 'ಯುಟಿಲ್ಸ್ ಡಿಬಿರೆಪ್ಲಿಕೇಷನ್ ಸ್ಟಾಪ್' ಕೊಡಿ, ಅದು ಮುಗಿದ ಮೇಲೆ ಪಬ್ಲಿಷರ್‌ನಲ್ಲಿ. ಆಮೇಲೆ ಪಬ್ಲಿಷರ್‌ನಲ್ಲಿ ಮಾತ್ರ 'ಯುಟಿಲ್ಸ್ ಡಿಬಿರೆಪ್ಲಿಕೇಷನ್ ರೀಸೆಟ್ ಆಲ್'. ಅಂಕಿಗಳು ಏರುಪೇರಾಗುತ್ತಿರುತ್ತವೆ, ಒಂದು ಗಂಟೆ ಬಿಡಿ. ನಡುವೆ ಸರ್ವರ್ ರೀಸ್ಟಾರ್ಟ್ ಮಾಡಿದರೆ ಮೊದಲಿಂದ ಶುರು.