ಜೆಇಇ ಜೊತೆ ಓದುವಾಗ ಸಿಇಟಿಯಲ್ಲಿ ಸಮಯ ಸಾಲದಿದ್ದರೆ

ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಮಾಕ್ ಟೆಸ್ಟ್ (ಅಭ್ಯಾಸ ಪರೀಕ್ಷೆ) ಚೆನ್ನಾಗಿ ಹೋಗಿ ನಮ್ಮ ರಾಜ್ಯದ ಸಿಇಟಿಯಲ್ಲಿ ಮಾತ್ರ ಸಮಯ ಸಾಲುತ್ತಿಲ್ಲ ಅಂದರೆ ತೊಂದರೆ ಪಾಠದ್ದಲ್ಲ, ವೇಗದ್ದು. ಮೇನ್‌ನಲ್ಲಿ 3 ಗಂಟೆಗೆ 75 ಪ್ರಶ್ನೆ, ಸಿಇಟಿಯಲ್ಲಿ ಒಂದೊಂದು ವಿಷಯಕ್ಕೂ 80 ನಿಮಿಷದಲ್ಲಿ 60. ನೀವು ಪ್ರತಿ ಲೆಕ್ಕವನ್ನೂ ಪೂರ್ತಿ ಬಿಡಿಸುತ್ತಾ ಕೂರುತ್ತಿರಬಹುದು, ನಿಮ್ಮ ಪೇಪರ್ ನೋಡದೆ ಖಚಿತವಾಗಿ ಹೇಳಲಾರೆ.

ಎರಡಕ್ಕೂ ಬೇರೆ ಬೇರೆ ನೋಟ್ಸ್ ಸುಮ್ನೆ ದಂಡ. ಮೊದಲು ಪಿಯು ಪುಸ್ತಕದ ಅಧ್ಯಾಯ ಮುಗಿಸಿ, ಅದೇ ಅಧ್ಯಾಯದ ಮೇನ್ ಪ್ರಶ್ನೆ ಬಿಡಿಸಿ, ಆಮೇಲೆ ಸಿಇಟಿಯ ಹಳೆ ಪ್ರಶ್ನೆಗಳನ್ನು ಗಡಿಯಾರ ಇಟ್ಟುಕೊಂಡು ಮಾಡಿ. ಮೇನ್ ಮುಗಿದ ಮೇಲೆ ಬರೀ ಸಿಇಟಿ ಪೇಪರ್, ಅದೂ ಒಎಂಆರ್ ಹಾಳೆಯಲ್ಲೇ, ವೃತ್ತ ತುಂಬಲಿಕ್ಕೂ ಸಮಯ ಹೋಗುತ್ತದೆ ಅಲ್ವಾ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ಮೇನ್‌ನಲ್ಲಿ ಹಾಗೆ ಊಹಿಸಿದರೆ ತಪ್ಪಿಗೊಂದು ಅಂಕ ಹೋಗುತ್ತದೆ.