ಹಾಲಿನಂತಾದ ಆಯಿಲ್: ಬದಲಿಸಬೇಕಾ, ಬೇಡ್ವಾ?

ಪ್ರಶ್ನೆ: ನಮ್ಮದು ಮಲೇಬೆನ್ನೂರು ಕಡೆ, ಭದ್ರಾ ನಾಲೆ ನೀರಿನ ಗದ್ದೆ. ನಾಟಿಗೆ ಕೆಸರು ಹೊಡೆದು ಮುಗಿಸಿದ ಮೇಲೆ ಟ್ರ್ಯಾಕ್ಟರಿನ ಗೇಜ್ ಕಡ್ಡಿ ತೆಗೆದು ನೋಡಿದರೆ ಹೈಡ್ರಾಲಿಕ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿದೆ. ಬದಲಿಸಿ 400 ಗಂಟೆ ಆಗಿದೆ ಅಷ್ಟೆ, ಪುಸ್ತಕದಲ್ಲಿ 1,000 ಗಂಟೆ ಅಂತ ಬರೆದಿದ್ದಾರೆ. ಮೆಕ್ಯಾನಿಕ್ ಪೂರ್ತಿ ತೆಗೆಯಿರಿ ಅಂತಾರೆ. ಪಕ್ಕದ ಗದ್ದೆಯವರು, ಕಾಯಿಸಿ ಸೋಸಿ ಅದನ್ನೇ ಹಾಕು ಅಂತಾರೆ. 10 ಸಾವಿರ ದಾಟುವ ಖರ್ಚು. ಏನು ಮಾಡಲಿ?

ಉತ್ತರ: ಬದಲಿಸಿ. ಆ 1,000 ಗಂಟೆ ಲೆಕ್ಕ ಆಯಿಲಿಗೆ ನೀರು ಸೇರದೆ ಇದ್ದಾಗಿನದು.

ಮೊದಲು ನೀರೇ ಹೌದಾ ಅಂತ ಖಚಿತ ಮಾಡಿಕೊಳ್ಳಿ. ಕೆಲಸ ಮುಗಿಸಿ ಬಂದ ತಕ್ಷಣ ನೋಡಿದರೆ ಗಾಳಿಯ ಗುಳ್ಳೆಯಿಂದಲೂ ಆಯಿಲ್ ಮಬ್ಬಾಗಿ ಕಾಣಬಹುದು. ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹಿಡಿದು ರಾತ್ರಿ ಪೂರ್ತಿ ಇಡಿ. ಗಾಳಿಯಾದರೆ ತಿಳಿಯಾಗುತ್ತದೆ. ನೀರಾದರೆ ಮಬ್ಬು ಹಾಗೇ ಇರುತ್ತದೆ, ಇಲ್ಲವೇ ತಳದಲ್ಲಿ ನೀರು ನಿಲ್ಲುತ್ತದೆ. ಬಿಸಿ ತವಾದ ಮೇಲೆ ಒಂದೆರಡು ಹನಿ ಬಿಟ್ಟರೂ ಗೊತ್ತಾಗುತ್ತದೆ, ನೀರಿದ್ದರೆ ಚಟಪಟ ಅನ್ನುತ್ತದೆ, ಆದರೆ ಮುಖ ದೂರ ಇರಲಿ.

ಕಾಯಿಸಿ ಸೋಸುವ ಮಾತು ನನಗೂ ತುಂಬಾ ಜನ ಹೇಳಿದ್ದಾರೆ, ದುಡ್ಡು ಉಳಿಸುವ ಆಸೆ ಯಾರಿಗಿರಲ್ಲ ಹೇಳಿ. ಆದರೆ ನಮ್ಮ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಲಿಫ್ಟ್ (ಹಿಂದೆ ರೋಟವೇಟರಿನಂಥ ಸಲಕರಣೆ ಹೊರುವ ತೋಳು) ಎತ್ತುವ ಆಯಿಲೇ ಗೇರು, ಬೇರಿಂಗುಗಳಿಗೂ ಹೋಗುತ್ತದೆ, ಆಯಿಲ್ ಬ್ರೇಕ್ ಇದ್ದರೆ ಆ ಬ್ರೇಕ್ ಡಿಸ್ಕೂ ಅದರಲ್ಲೇ ಮುಳುಗಿರುತ್ತದೆ. ಇಷ್ಟೂ ಕೆಲಸಕ್ಕೆ ಅಂತ ಆಯಿಲಿನಲ್ಲಿ ಬೇರೆ ಬೇರೆ ರಾಸಾಯನಿಕ ಸೇರಿಸಿರುತ್ತಾರೆ. ನೀರು ಬಿದ್ದರೆ ಅವು ಕೆಡುತ್ತವೆ. ಕಾಯಿಸಿದರೆ ನೀರು ಹಾರಿಹೋಗಬಹುದು, ಕೆಟ್ಟದ್ದು ವಾಪಸ್ ಬರಲ್ಲ, ಬಟ್ಟೆಯಲ್ಲಿ ಸೋಸಿದರೆ ಸಣ್ಣ ಕಬ್ಬಿಣದ ಪುಡಿಯೂ ನಿಲ್ಲಲ್ಲ. ಒಲೆಯ ಮೇಲೆ ಅಷ್ಟು ಲೀಟರ್ ಆಯಿಲ್ ಇಡುವುದು ಬೆಂಕಿಯ ಅಪಾಯ ಬೇರೆ. ಹಾಗೆಯೇ ನಿಲ್ಲಿಸಿಯೂ ಬಿಡಬೇಡಿ, ನಾಟಿ ಮುಗಿದು ಟ್ರ್ಯಾಕ್ಟರ್ ಶೆಡ್ಡಿನಲ್ಲಿ ನಿಂತಿರುವಾಗಲೇ ಆ ನೀರು ಬೇರಿಂಗಿಗೆ ತುಕ್ಕು ಹಿಡಿಸುವುದು.

ಆದರೆ ಆಯಿಲ್ ಬದಲಿಸುವ ಮೊದಲು ನೀರು ಎಲ್ಲಿಂದ ಬಂತು ಅಂತ ಹುಡುಕಲೇಬೇಕು, ಇಲ್ಲದಿದ್ದರೆ ಬೇಸಿಗೆ ಬೆಳೆಗೆ ಮತ್ತೆ ಅದೇ ಕತೆ, ಅದೇ ಖರ್ಚು. ಹಿಂದಿನ ಆಕ್ಸಲಿನ ಆಯಿಲ್ ಸೀಲ್ ನೋಡಿ. ಹುಲ್ಲು, ನೈಲಾನ್ ದಾರ ಸುತ್ತಿಕೊಂಡು ಸೀಲ್ ತಿಂದುಹಾಕುತ್ತದೆ. ಗೇರ್ ಲಿವರಿನ ಬುಡದ ರಬ್ಬರ್ ಹರಿದಿದೆಯಾ? ಕಡ್ಡಿ ಸರಿಯಾಗಿ ಕೂರುತ್ತಾ? ಬ್ರೀದರ್‌ನಲ್ಲಿ, ಅಂದರೆ ಒಳಗಿನ ಗಾಳಿ ಆಡುವ ಸಣ್ಣ ಕಿಂಡಿಯಲ್ಲಿ, ಕೆಸರು ತುಂಬಿದೆಯಾ? ಇನ್ನೊಂದು, ಗದ್ದೆಯಿಂದ ಬಂದ ಕೂಡಲೇ ಬಿಸಿ ಗಾಡಿಗೆ ಪ್ರೆಶರ್ ಪೈಪಿನಲ್ಲಿ ನೀರು ಹೊಡೆಯುತ್ತೇವಲ್ಲ, ಅದು ಬೇಡ. ಹೌಸಿಂಗ್ (ಗೇರು, ಆಯಿಲ್ ಇರುವ ಲೋಹದ ಪೆಟ್ಟಿಗೆ) ತಟ್ಟನೆ ತಣಿದಾಗ ಒಳಗಿನ ಗಾಳಿ ಕುಗ್ಗಿ, ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು ತೊಳೆಯಿರಿ.

ತೆಗೆಯುವಾಗ ಗಾಡಿ ಸ್ವಲ್ಪ ಓಡಿಸಿ ಆಯಿಲ್ ಬೆಚ್ಚಗಾಗಲಿ, ಲಿಫ್ಟ್ ಕೆಳಗೆ ಇಳಿಸಿ, ಇರುವ ಎಲ್ಲ ಡ್ರೇನ್ ಬೋಲ್ಟುಗಳನ್ನೂ ಬಿಚ್ಚಿ ರಾತ್ರಿ ಪೂರ್ತಿ ಸೋರಲು ಬಿಡಿ. ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪುಡಿ ಅಂಟಿದ್ದರೆ ಹೆದರಬೇಡಿ. ಚೂರು ಚೂರು ಲೋಹ ಸಿಕ್ಕರೆ ಮಾತ್ರ ಗೇರ್‌ಬಾಕ್ಸ್ ತೋರಿಸಿ. ಫಿಲ್ಟರ್ ಬದಲಿಸಿ, ಜಾಲರಿ ತೊಳೆಯಿರಿ. ಡೀಸೆಲ್ ಹಾಕಿ ಗಾಡಿ ಓಡಿಸಿ ತೊಳೆಯುವುದು ಬೇಡವೇ ಬೇಡ. ಹೊಸದು ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿದ್ದೇ ಇರಲಿ, ಆಯಿಲ್ ಬ್ರೇಕ್ ಇರುವ ಗಾಡಿಗೆ ಸುಮ್ನೆ 90 ನಂಬರ್ ಗೇರ್ ಆಯಿಲ್ ಹಾಕಿದರೆ ಬ್ರೇಕ್ ಕಿರುಚುತ್ತದೆ.

ಹಳೆಯದನ್ನು ದಯವಿಟ್ಟು ನಾಲೆಗೆ ಚೆಲ್ಲಬೇಡಿ, ಕೆಳಗಿನ ಊರಿನವರ ಗದ್ದೆಗೂ ಅದೇ ನೀರು ಅಲ್ವಾ. ಕ್ಯಾನಿಗೆ ತುಂಬಿಸಿ ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ.

ಪ್ರಶ್ನೆ: ಎಂಜಿನ್ ನಿಲ್ಲಿಸಿದ ಐದು ನಿಮಿಷದಲ್ಲಿ ರೋಟವೇಟರ್ ತಾನೇ ಕೆಳಗೆ ಇಳಿಯುತ್ತದೆ. ಆಯಿಲ್ ಬದಲಿಸಿದರೆ ಸರಿಹೋಗುತ್ತಾ?

ಉತ್ತರ: ಬರೀ ಆಯಿಲಿನಿಂದ ಹೋಗಲ್ಲ. ಲಿಫ್ಟ್ ಸಿಲಿಂಡರಿನ ಸೀಲ್ ಅಥವಾ ಕಂಟ್ರೋಲ್ ವಾಲ್ವ್ ಒಳಗೇ ಸೋರುತ್ತಿದೆ. ಎಂಜಿನ್ ಚಾಲೂ ಇದ್ದಾಗ ಲಿಫ್ಟ್ ಮೇಲೆ ಕೆಳಗೆ ಕುಣಿಯುತ್ತಿದ್ದರೂ ಸಾಮಾನ್ಯವಾಗಿ ಇದೇ ಕಾರಣ. ಎತ್ತುವುದೇ ನಿಧಾನವಾಗಿ ಪಂಪ್ ಕೂಗುತ್ತಿದ್ದರೆ ಬೇರೆ ಮಾತು, ಆಗ ಮೊದಲು ಆಯಿಲ್ ಮಟ್ಟ ಮತ್ತು ಫಿಲ್ಟರ್ ನೋಡಿ. ರಿಪೇರಿ ಆಗುವ ತನಕ, ಎಷ್ಟೇ ಅವಸರ ಇರಲಿ, ಎತ್ತಿದ ರೋಟವೇಟರ್ ಕೆಳಗೆ ಕೈ ಹಾಕಬೇಡಿ. ಬ್ಲೇಡ್ ಬಿಗಿ ಮಾಡಬೇಕಾದರೆ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಅದರ ಮೇಲೆ ಭಾರ ಕೂತ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ.